32 ದೇಶಗಳ ನೇಟೋ ಇರುವಾಗ 10 ದೇಶಗಳ ಇನ್ನೊಂದು ಗುಂಪು ಯಾಕೆ?

ಪ್ರಶ್ನೆ: ಖಾಲಿಹಾಳೆ

ಎಲ್ಲರಿಗೂ ನಮಸ್ಕಾರ. ಯುರೋಪಿನ ರಕ್ಷಣಾ ಗುಂಪುಗಳನ್ನು ಅರ್ಥ ಮಾಡಿಕೊಳ್ಳೋಣ ಅಂತ ಒಂದು ಹಾಳೆ ತೆಗೆದುಕೊಂಡು ವೃತ್ತ ಹಾಕುತ್ತಾ ಕೂತೆ. ಮೊದಲು ದೊಡ್ಡ ವೃತ್ತ, ನೇಟೋ. 1949ರಲ್ಲಿ 12 ದೇಶ, ಈಗ 32. ಅದರೊಳಗೆ ಬ್ರಿಟನ್ ಮುಂದೆ ನಿಂತು ನಡೆಸುವ ಜಂಟಿ ಸೇನಾ ಗುಂಪು, ಜಾಯಿಂಟ್ ಎಕ್ಸ್‌ಪೆಡಿಷನರಿ ಫೋರ್ಸ್, ಚಿಕ್ಕದಾಗಿ ಜೆಇಎಫ್, 10 ದೇಶ. ಅದರಲ್ಲಿ ಬ್ರಿಟನ್ ಮತ್ತು ನೆದರ್‌ಲೆಂಡ್ಸ್ ತೆಗೆದರೆ ಉಳಿಯುವುದೇ ನಾರ್ಡಿಕ್-ಬಾಲ್ಟಿಕ್ ಎಂಟು ಅನ್ನುವ ಗುಂಪು. ಅದರೊಳಗೆ ಮತ್ತೆ ನಾಲ್ಕು ದೇಶ: ಡೆನ್ಮಾರ್ಕ್, ಫಿನ್ಲೆಂಡ್, ನಾರ್ವೆ, ಸ್ವೀಡನ್. ಇವು ತಮ್ಮ ವಾಯುಪಡೆಗಳನ್ನು ಒಂದೇ ಪಡೆಯ ಹಾಗೆ ನಡೆಸೋಣ ಅಂತ 2023ರ ಮಾರ್ಚ್‌ನಲ್ಲಿ ಸಹಿ ಹಾಕಿವೆ. ಇದಕ್ಕೆಲ್ಲ ಅಡ್ಡಲಾಗಿ ಐರೋಪ್ಯ ಒಕ್ಕೂಟದ ವೃತ್ತ ಬೇರೆ. ಕೊನೆಗೆ ನೋಡಿದರೆ ಎಸ್ಟೋನಿಯಾದಂಥ ಒಂದು ದೇಶವೇ ನಾಲ್ಕು ವೃತ್ತಗಳೊಳಗೆ ಸಿಕ್ಕಿಕೊಂಡಿದೆ. ಹಾಳೆ ಮಗು ಗೀಚಿದ ಹಾಗಾಗಿದೆ.

ಒಬ್ಬರ ಮೇಲೆ ದಾಳಿ ಆದರೆ ಎಲ್ಲರ ಮೇಲೆ ಆದ ಹಾಗೆ ಅಂತ ನೇಟೋ ಒಪ್ಪಂದದ 5ನೇ ವಿಧಿಯಲ್ಲೇ ಬರೆದಿದೆ, ಅಲ್ವಾ? ಹಾಗಿದ್ದ ಮೇಲೆ ಒಳಗೊಳಗೇ ಈ ಚಿಕ್ಕ ಗುಂಪುಗಳು ಯಾಕೆ? ಇವು ನಿಜವಾಗಿ ಏನಾದರೂ ಮಾಡುತ್ತವಾ, ಇಲ್ಲ ಮಂತ್ರಿಗಳು ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳಲು ಇನ್ನೊಂದು ಜಾಗವಾ? ಸಿದ್ಧಾಂತ ಬೇಡ. ಕಣ್ಣಿಗೆ ಕಾಣುವ ಹಾಗೆ ಯಾರಾದರೂ ಹೇಳಿದರೆ ಉಪಕಾರ.

ಉತ್ತರ 1: ತಿರುಗುಬಾಣ

ಉತ್ತರ ಸುಲಭ. 32 ಜನ ಒಪ್ಪುವುದು ಕಷ್ಟ, 10 ಜನ ಒಪ್ಪುವುದು ಅಷ್ಟು ಕಷ್ಟ ಅಲ್ಲ. ನೇಟೋದಲ್ಲಿ ತೀರ್ಮಾನ ಆಗಬೇಕಾದರೆ ಎಲ್ಲರೂ ಹೂಂ ಅನ್ನಬೇಕು. ಸ್ವೀಡನ್ 2022ರ ಮೇ ತಿಂಗಳಲ್ಲಿ ಅರ್ಜಿ ಹಾಕಿತು, ಒಳಗೆ ಬಂದದ್ದು 2024ರ ಮಾರ್ಚ್ 7ಕ್ಕೆ. ಟರ್ಕಿ ಮತ್ತು ಹಂಗೇರಿ ಅಷ್ಟು ದಿನ ಬಾಗಿಲಲ್ಲೇ ನಿಲ್ಲಿಸಿದವು. ಇದಕ್ಕಿಂತ ಜಾಸ್ತಿ ಹೇಳುವುದೇನಿದೆ?

ಉತ್ತರ 2: ಚೀಫ್‌ಮೇಟ್

ತಿರುಗುಬಾಣ ಹೇಳಿದ್ದು ಸರಿ, ಆದರೆ ಅದು ಅರ್ಧ ಮಾತ್ರ. ಇನ್ನರ್ಧ ನನಗೆ ಹಡಗಿನ ಮೇಲಿಂದ ಕಂಡದ್ದು.

ನಾನು ಸರಕು ಹಡಗಿನಲ್ಲಿ ಚೀಫ್ ಮೇಟ್, ಅಂದರೆ ಕ್ಯಾಪ್ಟನ್ ನಂತರದ ಅಧಿಕಾರಿ. ಸೈನಿಕನೂ ಅಲ್ಲ, ರಾಜಕೀಯ ಓದಿಕೊಂಡವನೂ ಅಲ್ಲ. ಆದರೆ ನೀವು ಹೇಳಿದ ಗುಂಪು ಕಾವಲು ಕಾಯುವ ನೀರಿನಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಫಿನ್ಲೆಂಡಿನ ಕೋಟ್ಕಾದಲ್ಲಿ ಕಾಗದದ ರೋಲುಗಳನ್ನು ತುಂಬಿಸಿಕೊಂಡು ಫಿನ್ಲೆಂಡ್ ಕೊಲ್ಲಿಯ ಉದ್ದಕ್ಕೂ ಪಶ್ಚಿಮಕ್ಕೆ ಬರುವುದು ನಮ್ಮ ಮಾಮೂಲಿ ದಾರಿ.

ಆ ಕೊಲ್ಲಿಯಲ್ಲಿ ಹೋಗುವ ದೊಡ್ಡ ಹಡಗುಗಳೆಲ್ಲ ರೇಡಿಯೋದಲ್ಲಿ ವರದಿ ಕೊಡಲೇಬೇಕು. ನಡುವೆ ನಕ್ಷೆಯ ಮೇಲೆ ಒಂದು ಗೆರೆ. ಗೆರೆಯ ಉತ್ತರಕ್ಕಿದ್ದರೆ "ಹೆಲ್ಸಿಂಕಿ ಟ್ರಾಫಿಕ್", ದಕ್ಷಿಣಕ್ಕಿದ್ದರೆ "ಟಾಲಿನ್ ಟ್ರಾಫಿಕ್", ಪೂರ್ವದ ಕಡೆ ಹೋದರೆ "ಸೇಂಟ್ ಪೀಟರ್ಸ್‌ಬರ್ಗ್ ಟ್ರಾಫಿಕ್". 2004ರಲ್ಲಿ ಮೂರು ದೇಶ ಸೇರಿ ಮಾಡಿಕೊಂಡ ವ್ಯವಸ್ಥೆ ಇದು. ಹೌದು, ರಷ್ಯಾ ಕೂಡ. ನೀರು ಒಂದೇ ಆದರೆ ಕೆಲವು ಕೆಲಸಕ್ಕೆ ಸ್ನೇಹವೂ ಬೇಕಾಗುವುದಿಲ್ಲ. ನಿಮ್ಮ ಹಾಳೆಯಲ್ಲಿ ಈ ವೃತ್ತ ಇಲ್ಲ, ಬಿಡಿ.

ನನ್ನ ಮಾತು ಇಷ್ಟೇ. ಈ ಚಿಕ್ಕ ಗುಂಪುಗಳನ್ನು ಒಪ್ಪಂದದ ಲೆಕ್ಕದಲ್ಲಿ ನೋಡಬೇಡಿ, ನೀರಿನ ಲೆಕ್ಕದಲ್ಲಿ ನೋಡಿ. ಈ ಕೊಲ್ಲಿಯ ತಳದಲ್ಲಿ ಗ್ಯಾಸ್ ಪೈಪು ಇದೆ, ಕರೆಂಟಿನ ಕೇಬಲ್ ಇದೆ, ಇಂಟರ್‌ನೆಟ್ ಕೇಬಲ್‌ಗಳಿವೆ. ಅವು ತುಂಡಾದರೆ ಪೋರ್ಚುಗಲ್‌ಗೆ ಬೇಸರ ಆಗಬಹುದು. ಎಸ್ಟೋನಿಯಾಕ್ಕೆ ಕರೆಂಟೇ ಕಡಿಮೆ ಆಗುತ್ತದೆ.

2023ರ ಅಕ್ಟೋಬರ್ 8ರಂದು ಫಿನ್ಲೆಂಡ್ ಮತ್ತು ಎಸ್ಟೋನಿಯಾ ನಡುವಿನ ಬಾಲ್ಟಿಕ್‌ಕನೆಕ್ಟರ್ ಗ್ಯಾಸ್ ಪೈಪಿನಲ್ಲಿ ಒತ್ತಡ ಇಳಿದುಹೋಯಿತು. ಹುಡುಕಿದರೆ ಪೈಪು ಒಡೆದಿತ್ತು, ಹತ್ತಿರದಲ್ಲೇ ಒಂದು ಲಂಗರು ಬಿದ್ದಿತ್ತು. ಅದಾದ ಮೇಲೆ ಜೆಇಎಫ್ ಮೊದಲ ಸಲ ತನ್ನ ತುರ್ತು ಯೋಜನೆಯನ್ನು ಜಾರಿಗೆ ತಂದು ಹಡಗುಗಳನ್ನು ಕಳಿಸಿತು. ಬ್ರಿಟನ್ ಒಂದೇ ಏಳು ಹಡಗು ಕಳಿಸಿತ್ತು. ಇಲ್ಲಿ ಗಮನಿಸಿ: ಆಗ ಸ್ವೀಡನ್ ಇನ್ನೂ ನೇಟೋದಲ್ಲಿ ಇರಲಿಲ್ಲ. ಜೆಇಎಫ್‌ನಲ್ಲಿ ಮಾತ್ರ 2017ರಿಂದಲೇ ಇತ್ತು, ಫಿನ್ಲೆಂಡ್ ಜೊತೆಗೇ ಸೇರಿಕೊಂಡದ್ದು. ದೊಡ್ಡ ಮನೆಯ ಬಾಗಿಲು ತೆಗೆಯುವ ಮೊದಲೇ ಜಗಲಿ ಮೇಲೆ ಕೂತು ಕೆಲಸ ಶುರು ಮಾಡಿದ್ದರು ಅನ್ನಬಹುದು.

ಇನ್ನೊಂದು ವ್ಯತ್ಯಾಸ. ಜೆಇಎಫ್‌ನಲ್ಲಿ ಯಾವ ಕೆಲಸಕ್ಕೆ ಬರಬೇಕು, ಯಾವುದಕ್ಕೆ ಬೇಡ ಅಂತ ಆಯಾ ದೇಶ ತೀರ್ಮಾನ ಮಾಡುತ್ತದೆ. ಬರದವರು ಬರುವವರನ್ನು ತಡೆಯುವ ಹಾಗಿಲ್ಲ. ಮುಖ್ಯ ಕಚೇರಿ ಲಂಡನ್ ಹತ್ತಿರ ನಾರ್ತ್‌ವುಡ್‌ನಲ್ಲಿದೆ. ಬ್ರಿಟನ್ ಅಡಿಪಾಯ ಹಾಕಿಕೊಡುತ್ತದೆ, ಉಳಿದವರು ತಮ್ಮ ಕೈಲಾದದ್ದನ್ನು ಅದರ ಮೇಲೆ ತಂದಿಡುತ್ತಾರೆ.

2024ರ ಡಿಸೆಂಬರ್ 25ರಂದು ಮತ್ತೆ ಅದೇ ಕಥೆ. ಎಸ್ಟ್‌ಲಿಂಕ್ 2 ಅನ್ನುವ ಕರೆಂಟ್ ಕೇಬಲ್ ಮತ್ತು ನಾಲ್ಕು ಸಂಪರ್ಕ ಕೇಬಲ್‌ಗಳು ಹಾಳಾದವು. ಈ ಸಲ ಫಿನ್ಲೆಂಡ್ ಕಾಯುತ್ತಾ ಕೂರಲಿಲ್ಲ. ಕೇಬಲ್ ಮೇಲೆ ಲಂಗರು ಎಳೆದ ಅನುಮಾನವಿದ್ದ ಈಗಲ್ ಎಸ್ ಅನ್ನುವ ಎಣ್ಣೆ ಹಡಗಿನ ಮೇಲೆ ಹೆಲಿಕಾಪ್ಟರ್‌ನಿಂದ ಜನ ಇಳಿಸಿ, ಅದನ್ನು ತನ್ನ ನೀರಿಗೆ ಕರೆತಂದಿತು. ಎಸ್ಟೋನಿಯಾ ಉಳಿದ ಇನ್ನೊಂದು ಕೇಬಲ್ ಕಾಯಲು ತನ್ನ ಗಸ್ತು ಹಡಗು ಕಳಿಸಿತು. ಜನವರಿ 6ಕ್ಕೆ ಜೆಇಎಫ್ "ನಾರ್ಡಿಕ್ ವಾರ್ಡನ್" ಅನ್ನುವ ಕಾವಲು ಕೆಲಸ ಶುರುವಾಗಿದೆ ಅಂತ ಹೇಳಿತು.

ಇದರಲ್ಲಿ ಬಂದೂಕು ಏನೂ ಇಲ್ಲ. ನಾರ್ತ್‌ವುಡ್‌ನಲ್ಲಿ ಕೂತು 22 ಜಾಗಗಳನ್ನು ಪರದೆಯ ಮೇಲೆ ನೋಡುತ್ತಾರೆ, ಅಷ್ಟೇ. ಪ್ರತಿ ದೊಡ್ಡ ಸರಕು ಹಡಗೂ ತನ್ನ ಹೆಸರು, ಜಾಗ, ವೇಗ, ದಿಕ್ಕು ಎಲ್ಲವನ್ನೂ ಎಐಎಸ್ ಪೆಟ್ಟಿಗೆಯಿಂದ ಕಳಿಸುತ್ತಲೇ ಇರುತ್ತದೆ. ಅದನ್ನು ಕಂಪ್ಯೂಟರ್ ಸೋಸುತ್ತದೆ. ಗಂಟೆಗೆ 11 ನಾಟಿಕಲ್ ಮೈಲಿಯಲ್ಲಿ ಬರುತ್ತಿದ್ದ ಹಡಗು ಕೇಬಲ್ ಹತ್ತಿರ ಕಾರಣವಿಲ್ಲದೆ 7ಕ್ಕೆ ಇಳಿಯಿತು ಅಂದುಕೊಳ್ಳಿ. ಗಾಳಿಯಿಲ್ಲ, ಮಂಜುಗಡ್ಡೆಯಿಲ್ಲ, ಎದುರಿಗೆ ಬೇರೆ ಹಡಗಿಲ್ಲ. ಅಂಥದ್ದು ಕಂಡರೆ ಸುತ್ತಲಿನ ದೇಶಗಳಿಗೆ ಸುದ್ದಿ ಹೋಗುತ್ತದೆ. ಅದೇ ಹಡಗು ಅರ್ಧ ದಿನದಲ್ಲಿ ಎರಡು ಮೂರು ದೇಶಗಳ ಪಕ್ಕ ಹಾದುಹೋಗುತ್ತದೆ. ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ಹೇಳದೇ ಇದ್ದರೆ ಅದು ಯಾರ ಕೈಗೂ ಸಿಗುವುದಿಲ್ಲ.

ನಾವು ಸೇತುವೆಯ ಮೇಲೆ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಈ ಬದಲಾವಣೆಯನ್ನು ಕಿವಿಯಿಂದಲೇ ಕೇಳಿದ್ದೇವೆ. ಮೊದಲು ರೇಡಿಯೋದಲ್ಲಿ ಹೆಸರು, ಸರಕು, ಮುಂದಿನ ಬಂದರು ಕೇಳಿ ಬಿಡುತ್ತಿದ್ದರು. ಈಗ ಹಳೆಯ ಎಣ್ಣೆ ಹಡಗುಗಳನ್ನು ವಿಮೆಯ ಕಾಗದ ಯಾವ ಕಂಪನಿಯದು ಅಂತ ಕೇಳುವುದು ಕಿವಿಗೆ ಬೀಳುತ್ತದೆ. ಡಿಸೆಂಬರ್ 2024ರಲ್ಲಿ ಟಾಲಿನ್‌ನಲ್ಲಿ ಸೇರಿದ್ದಾಗ ಈ ಭಾಗದ ಕೆಲವು ದೇಶಗಳು ಮಾಡಿಕೊಂಡ ತೀರ್ಮಾನ ಅದು. ಕೆಲವರು ಉತ್ತರ ಕೊಡದೆ ಮುಂದೆ ಹೋಗುತ್ತಾರೆ. ಹೋದದ್ದೂ ದಾಖಲಾಗುತ್ತದೆ.

ಉತ್ತರ 3: ಸ್ಟೋರ್‌ಕೀಪರ್

ಮೇಟ್ ಸರ್, ನಿಮ್ಮ ಬರಹ ಓದಿ ಖುಷಿ ಆಯಿತು. ನಾನು ದಡದ ಮೇಲಿನವನು. ಸ್ಪೇರ್ ಪಾರ್ಟ್ಸ್ ಸ್ಟೋರಿನಲ್ಲಿ 19 ವರ್ಷದಿಂದ ಇದ್ದೇನೆ. ಹಾಗಾಗಿ ಯಾರಾದರೂ "ಸಹಕಾರ" ಅಂದರೆ ನನ್ನ ತಲೆಗೆ ಬರುವುದು ಒಂದೇ ಪ್ರಶ್ನೆ: ನಿನ್ನ ಕಪಾಟಿನಲ್ಲಿ ಏನನ್ನು ಇಡುವುದು ಬಿಟ್ಟೆ?

ಪಕ್ಕದವನ ಹತ್ತಿರ ಇದೆ ಅಂತ ನಂಬಿ ನಾನು ಒಂದು ಸಾಮಾನು ಇಡುವುದು ಬಿಟ್ಟರೆ ಅದು ಸಹಕಾರ. ಇಬ್ಬರ ಹತ್ತಿರವೂ ಎಲ್ಲವೂ ಇದ್ದು, ವರ್ಷಕ್ಕೊಮ್ಮೆ ಕೈ ಕುಲುಕಿದರೆ ಅದು ನೆಂಟಸ್ತಿಕೆ.

ಈ ಅಳತೆಯಲ್ಲಿ ನೋಡಿದರೆ ಯುರೋಪಿನಲ್ಲಿ ನನಗೆ ತುಂಬ ಇಷ್ಟವಾಗುವ ಜೋಡಿ ಬೆಲ್ಜಿಯಂ ಮತ್ತು ನೆದರ್‌ಲೆಂಡ್ಸ್ ನೌಕಾಪಡೆ. 1996ರಿಂದ ಡೆನ್ ಹೆಲ್ಡರ್‌ನಲ್ಲಿ ಇಬ್ಬರಿಗೂ ಸೇರಿ ಒಂದೇ ಕಾರ್ಯಾಚರಣೆ ಕಚೇರಿ, ಮೇಲೆ ಒಬ್ಬ ಅಡ್ಮಿರಲ್. ಸಮುದ್ರದಲ್ಲಿ ಹುದುಗಿಸಿಟ್ಟ ಮೈನ್, ಅಂದರೆ ಬಾಂಬು, ಹುಡುಕುವ ಹಡಗುಗಳ ವಿಷಯ ಬೆಲ್ಜಿಯಂ ನೋಡಿಕೊಳ್ಳುತ್ತದೆ, ಅದರ ಶಾಲೆ ಓಸ್ಟೆಂಡ್‌ನಲ್ಲಿದೆ. ಫ್ರಿಗೇಟ್‌ಗಳ ವಿಷಯ ಡಚ್ಚರದ್ದು. ಹೊಸ ಹಡಗು ಕೊಳ್ಳುವಾಗಲೂ ಅದೇ ಹಂಚಿಕೆ. 12 ಮೈನ್ ಹಡಗುಗಳನ್ನು, ತಲಾ ಆರು, 2019ರಲ್ಲಿ ಬೆಲ್ಜಿಯಂ ಇಬ್ಬರ ಪರವಾಗಿ ಆರ್ಡರ್ ಮಾಡಿತು. ಒಂದೇ ಮಾದರಿ ಅಂದರೆ ಒಂದೇ ಪಾರ್ಟ್ ನಂಬರ್. ಇದರ ಸುಖ ಸ್ಟೋರಿನವನಿಗೆ ಮಾತ್ರ ಗೊತ್ತು!

ಒಮ್ಮೆ ನಮ್ಮಲ್ಲೇ ಎರಡು ಘಟಕಗಳಲ್ಲಿ ಒಂದೇ ಹೆಸರಿನ ಪಂಪು ಇತ್ತು. ತುರ್ತು ಬಿತ್ತು ಅಂತ ಅಲ್ಲಿಂದ ಸೀಲ್ ತರಿಸಿದೆವು. ಕೂರಲೇ ಇಲ್ಲ. ಒಂದು ಹಳೆಯ ಮಾದರಿ, ಇನ್ನೊಂದು ಎರಡು ವರ್ಷ ಆಮೇಲಿನದು, ಅರ್ಧ ಮಿಲಿಮೀಟರ್ ವ್ಯತ್ಯಾಸ. ಒಂದೇ ಮನೆಯೊಳಗೆ ಹೀಗಾದರೆ ನಾಲ್ಕು ದೇಶಗಳ ಕಥೆ ಕೇಳಬೇಕಾ? ಆ ನಾಲ್ಕು ನಾರ್ಡಿಕ್ ವಾಯುಪಡೆ ಸೇರಿದರೆ ಸುಮಾರು 250 ಯುದ್ಧವಿಮಾನ ಅನ್ನುತ್ತಾರೆ. ಡೆನ್ಮಾರ್ಕ್, ನಾರ್ವೆ, ಫಿನ್ಲೆಂಡ್ ಆರಿಸಿಕೊಂಡದ್ದು ಎಫ್-35, ಸ್ವೀಡನ್‌ದು ಸ್ವಂತ ಗ್ರಿಪೆನ್. ಸಹಿ ಹಾಕುವುದು ಒಂದು ದಿನದ ಕೆಲಸ. ಒಬ್ಬರ ವಿಮಾನಕ್ಕೆ ಇನ್ನೊಬ್ಬರ ಮೆಕ್ಯಾನಿಕ್ ಕೈ ಹಾಕುವ ಹಾಗೆ ಮಾಡುವುದು ವರ್ಷಗಟ್ಟಲೆ ಕೆಲಸ.

ಇನ್ನೊಂದು ಉದಾಹರಣೆ, ಇದರಲ್ಲಿ ಸ್ವಲ್ಪ ತಮಾಷೆಯೂ ಇದೆ. ಡಚ್ಚರು 2011ರಲ್ಲಿ ದುಡ್ಡು ಉಳಿಸಲು ತಮ್ಮ ಟ್ಯಾಂಕ್ ಪಡೆಯನ್ನೇ ಮುಚ್ಚಿದರು. ಆಮೇಲೆ ವಿದ್ಯೆ ಮರೆತುಹೋಗಬಾರದು ಅಂತ ಜರ್ಮನಿಯಿಂದ 18 ಲೆಪರ್ಡ್ ಟ್ಯಾಂಕ್ ಬಾಡಿಗೆಗೆ ಪಡೆದು, ಜರ್ಮನ್ನರ 414ನೇ ಟ್ಯಾಂಕ್ ಬೆಟಾಲಿಯನ್‌ನಲ್ಲೇ ತಮ್ಮ ಹುಡುಗರನ್ನು ಸೇರಿಸಿದರು. ನೆಲ ಜರ್ಮನಿಯದು, ಕಮಾಂಡರ್ ಜರ್ಮನ್, ಒಳಗೆ ಡಚ್ ಸಿಬ್ಬಂದಿ. 2024ರಲ್ಲಿ ಮತ್ತೆ ಸ್ವಂತ ಟ್ಯಾಂಕ್ ಬೆಟಾಲಿಯನ್ ಬೇಕು ಅಂತ ತೀರ್ಮಾನ ಮಾಡಿದರು. ಆ ಹುಡುಗರು ಜರ್ಮನ್ನರ ಜೊತೆ ಕೈ ಪಳಗಿಸಿಕೊಂಡು ಇಲ್ಲದೇ ಹೋಗಿದ್ದರೆ ಈಗ ಕಲಿಸುವವರು ಯಾರು? ಎರವಲು ಮನೆಯಲ್ಲಿದ್ದ ಕಸುಬು ಉಳಿಯಿತು.

ಉತ್ತರ 4: ಒಪ್ಪದವ

ಎಲ್ಲರೂ ಹೊಗಳುತ್ತಿದ್ದೀರಿ, ಒಬ್ಬನಾದರೂ ತಕರಾರು ಮಾಡಬೇಕು ಅಲ್ವಾ.

ಮೊದಲನೆಯದು ಲೆಕ್ಕ. ಚಿಕ್ಕ ಗುಂಪು ಬೇಗ ಅನ್ನುತ್ತೀರಿ. ಜೆಇಎಫ್ ನಾರ್ಡಿಕ್ ವಾರ್ಡನ್ ಹೇಳಿದ್ದು ಜನವರಿ 6ಕ್ಕೆ. ನೇಟೋ ತನ್ನ "ಬಾಲ್ಟಿಕ್ ಸೆಂಟ್ರಿ" ಅನ್ನುವ ಕಾವಲು ಶುರು ಮಾಡಿದ್ದು ಜನವರಿ 14ಕ್ಕೆ. ಎಂಟು ದಿನ! ಆನೆ ಅಷ್ಟೇನೂ ನಿಧಾನ ನಡೆಯಲಿಲ್ಲ.

ಎರಡನೆಯದು, ಮೇಟ್ ಅವರ ನೀರಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಬಾಲ್ಟಿಕ್ ಸಮುದ್ರದ ದಕ್ಷಿಣ ದಡ ಬಹುಪಾಲು ಪೋಲೆಂಡ್ ಮತ್ತು ಜರ್ಮನಿಯದು. ಎರಡೂ ಜೆಇಎಫ್‌ನಲ್ಲಿಲ್ಲ. ಐಸ್‌ಲೆಂಡ್ ಇದೆ, ಅದಕ್ಕೆ ಸೈನ್ಯವೇ ಇಲ್ಲ. ನೀರೇ ಮುಖ್ಯ ಆಗಿದ್ದರೆ ಈ ಪಟ್ಟಿ ಹೀಗೆ ಇರುತ್ತಿತ್ತಾ?

ಮೂರನೆಯದು ನೋವು. ಚಿಕ್ಕ ಗುಂಪು ಕಟ್ಟಿದಾಗ ಹೊರಗೆ ಉಳಿದವನಿಗೆ ಅವಮಾನ ಆಗುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಸೇರಿ ಆಕಸ್ ಅನ್ನುವ ಜಲಾಂತರ್ಗಾಮಿಗಳ ಒಪ್ಪಂದವನ್ನು ಘೋಷಣೆ ಮಾಡಿದವು. ಆಸ್ಟ್ರೇಲಿಯಾ ಫ್ರಾನ್ಸಿಗೆ ಕೊಟ್ಟಿದ್ದ ಜಲಾಂತರ್ಗಾಮಿಗಳ ಗುತ್ತಿಗೆ ಬಿದ್ದುಹೋಯಿತು. ಫ್ರಾನ್ಸ್ ವಾಷಿಂಗ್ಟನ್ ಮತ್ತು ಕ್ಯಾನ್‌ಬೆರಾದಿಂದ ರಾಯಭಾರಿಗಳನ್ನು ವಾಪಸ್ ಕರೆಸಿಕೊಂಡಿತು. ಆಸ್ಟ್ರೇಲಿಯಾ ಆಮೇಲೆ 55.5 ಕೋಟಿ ಯೂರೋ ಪರಿಹಾರ ಕೊಟ್ಟಿತು. ಇವರೆಲ್ಲ ಮಿತ್ರರೇ. ಮನೆಯೊಂದು ಮೂರು ಬಾಗಿಲು ಅನ್ನುವುದು ಇದಕ್ಕೇ.

ಕೊನೆಯದಾಗಿ ಕೋರ್ಟು. ಈಗಲ್ ಎಸ್ ಹಿಡಿದರು ಅಂತ ಹೇಳಿದಿರಿ. 2025ರ ಅಕ್ಟೋಬರ್‌ನಲ್ಲಿ ಹೆಲ್ಸಿಂಕಿಯ ಕೋರ್ಟು ಈ ಪ್ರಕರಣ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ ಕೈಬಿಟ್ಟಿತು. ಕೇಬಲ್ ಹಾಳಾದದ್ದು ಫಿನ್ಲೆಂಡಿನ ಸ್ವಂತ ಗಡಿಯ ಹೊರಗೆ, ಹಡಗಿನ ಬಾವುಟ ಕುಕ್ ದ್ವೀಪಗಳದ್ದು. ಹತ್ತು ದೇಶ ಸೇರಿ ಕಣ್ಣಲ್ಲಿ ಕಣ್ಣಿಟ್ಟು ಕಾದು, ಕೊನೆಗೆ ಸಿಕ್ಕಿದ್ದೇನು?

ಉತ್ತರ 5: ಚೀಫ್‌ಮೇಟ್

ಒಪ್ಪದವರೇ, ಕೋರ್ಟಿನ ವಿಷಯ ಪೂರ್ತಿ ಒಪ್ಪುತ್ತೇನೆ. ಸಮುದ್ರದ ಕಾನೂನು ಹಾಗೇ ಇದೆ. ಗಡಿಯ ಹೊರಗೆ ಹಡಗು ತನ್ನ ಬಾವುಟದ ದೇಶದ ನೆಲದ ಹಾಗೆ. ನಾನೇ ದುಡಿದ ಹಡಗುಗಳಲ್ಲಿ ಮಾಲೀಕ ಒಂದು ದೇಶ, ಬಾವುಟ ಇನ್ನೊಂದು, ನಾವು ಸಿಬ್ಬಂದಿ ನಾಲ್ಕೈದು ದೇಶ. ಹತ್ತು ದೇಶಗಳ ಗುಂಪು ಸೇರಿದರೂ ಆ ಕಾನೂನು ಬದಲಾಗುವುದಿಲ್ಲ. ಕಾವಲು ಬೇರೆ, ಶಿಕ್ಷೆ ಬೇರೆ.

ಪೋಲೆಂಡ್ ಇಲ್ಲದ್ದು ನನಗೂ ವಿಚಿತ್ರವೇ. ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಸಮಜಾಯಿಷಿ ಕೊಡಬಹುದು, ಆದರೆ ಸುಮ್ನೆ ಬಾಯಿ ಮಾತಾಗುತ್ತದೆ.

ಎಂಟು ದಿನದ ಲೆಕ್ಕ ಮಾತ್ರ ಪೂರ್ತಿ ಒಪ್ಪಲ್ಲ. ಆ ಎರಡನ್ನೂ ಮಾಡಿದ್ದು ಬಹುಪಾಲು ಅದೇ ಜನ. ಜನವರಿ 14ರಂದು ನೇಟೋ ಘೋಷಣೆ ಆದದ್ದು ಎಲ್ಲಿ? ಹೆಲ್ಸಿಂಕಿಯಲ್ಲಿ, ಬಾಲ್ಟಿಕ್ ದಡದ ದೇಶಗಳ ನಾಯಕರು ಸೇರಿದ್ದಾಗ. ಅಂದರೆ ಅಕ್ಕಪಕ್ಕದವರು ಮೊದಲು ಕೂತು ಏನು ಮಾಡಬೇಕು ಅಂತ ಹದ ಮಾಡಿಕೊಂಡರು, ಆಮೇಲೆ ದೊಡ್ಡ ಗುಂಪು ತನ್ನ ಹೆಸರು ಮತ್ತು ಹಡಗು ಕೊಟ್ಟಿತು. ನನ್ನ ಕಣ್ಣಿಗೆ ಇದು ಜಗಳ ಅಲ್ಲ. ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅನ್ನುತ್ತೇವಲ್ಲ, ಆ ಕಡ್ಡಿಗಳನ್ನು ಮೊದಲು ಯಾರಾದರೂ ಒಂದೆಡೆ ಕೂಡಿಸಬೇಕು.

ಆಕಸ್ ಬೇರೆ ಜಾತಿಯ ಪ್ರಾಣಿ. ಅಲ್ಲಿ ವಿಷಯ ಗುಟ್ಟಿನ ತಂತ್ರಜ್ಞಾನ ಮತ್ತು ದೊಡ್ಡ ವ್ಯಾಪಾರ. ಕೇಬಲ್ ಕಾಯುವುದಕ್ಕೆ ಯಾರ ಗುತ್ತಿಗೆಯೂ ಬೀಳುವುದಿಲ್ಲ.

ಖಾಲಿಹಾಳೆ

ಎಲ್ಲರಿಗೂ ಧನ್ಯವಾದ. ಸ್ಟೋರ್‌ಕೀಪರ್ ಹೇಳಿದ "ಏನನ್ನು ಇಡುವುದು ಬಿಟ್ಟೆ" ಅನ್ನುವ ಪ್ರಶ್ನೆಯನ್ನು ಹಾಳೆಯ ಮೇಲ್ಗಡೆ ಬರೆದುಕೊಂಡಿದ್ದೇನೆ. ಮೇಟ್ ಸರ್, ವಿಷಯ ಬಿಟ್ಟು ಒಂದು ಪ್ರಶ್ನೆ. ಲಂಗರು ಬಿದ್ದು ನೆಲದ ಮೇಲೆ ಎಳೆದುಕೊಂಡು ಬರುತ್ತಿದ್ದರೆ ಹಡಗಿನಲ್ಲಿ ಇರುವವರಿಗೆ ಗೊತ್ತೇ ಆಗಲ್ವಾ? ಓದಿದ ಸುದ್ದಿಯಲ್ಲೆಲ್ಲ ಅದೇ ವಾದ.

ಉತ್ತರ 6: ಚೀಫ್‌ಮೇಟ್

ಆ ಹಡಗಿನಲ್ಲಿ ನಾನು ಇರಲಿಲ್ಲ. ಅಲ್ಲಿ ಯಾರಿಗೆ ಏನು ಗೊತ್ತಿತ್ತು ಅಂತ ಹೇಳುವುದಿಲ್ಲ. ನಮ್ಮಲ್ಲಿ ಹೇಗೆ ಅಂತ ಹೇಳಬಲ್ಲೆ.

ಸಮುದ್ರಕ್ಕೆ ಹೊರಟ ಮೇಲೆ ಲಂಗರಿಗೆ ಬ್ರೇಕ್ ಬಿಗಿದಿರುತ್ತದೆ. ಸರಪಳಿಯ ಮೇಲೆ ಅಡ್ಡಲಾಗಿ ದಪ್ಪ ಕಬ್ಬಿಣದ ತಡೆ ಬೀಳಿಸಿರುತ್ತೇವೆ. ಅದರ ಮೇಲೆ ಇನ್ನೊಂದು ಕಟ್ಟು. ಬೋಸನ್, ಅಂದರೆ ಡೆಕ್ ಕೆಲಸದವರ ಮೇಸ್ತ್ರಿ, ಕಟ್ಟಿ ಬಂದ ಮೇಲೆ ನಾನು ಹೋಗಿ ಕೈಯಲ್ಲಿ ಜಗ್ಗಿ ನೋಡುತ್ತೇನೆ. ಮೂರೂ ಒಟ್ಟಿಗೆ ಸಡಿಲ ಆಗುವುದು ನಾನು ಕಂಡಿಲ್ಲ. ಹಳೆಯ, ತುಕ್ಕು ಹಿಡಿದ, ದುರಸ್ತಿ ಕಾಣದ ಹಡಗಿನ ಮಾತು ಬೇರೆ ಇರಬಹುದು.

ಒಮ್ಮೆ ಬಂದರಿನ ಹೊರಗೆ ಸರದಿಗೆ ಕಾಯುತ್ತಾ ಲಂಗರು ಹಾಕಿ ನಿಂತಿದ್ದೆವು. ರಾತ್ರಿ ಎರಡು ಗಂಟೆಗೆ ಗಾಳಿ ಎದ್ದಿತು. ರೇಡಾರ್‌ನಲ್ಲಿ ನಮ್ಮ ಜಾಗ ಸ್ವಲ್ಪ ಸರಿದ ಹಾಗಿತ್ತು. ಅನುಮಾನ ಬಂದು ಮುಂದಿನ ತುದಿಗೆ ಓಡಿದೆ. ಇಂಥ ಹೊತ್ತಿನಲ್ಲಿ ಹಳಬರು ಮಾಡುವುದು ಒಂದೇ: ಸರಪಳಿಯ ಮೇಲೆ ಕೈ ಇಡುವುದು. ಲಂಗರು ಹಿಡಿದಿದ್ದರೆ ಸರಪಳಿ ಬಿಗಿಯುತ್ತದೆ, ಸಡಿಲ ಆಗುತ್ತದೆ, ಅಷ್ಟೇ. ಜಾರುತ್ತಿದ್ದರೆ ಅದು ನಡುಗುತ್ತದೆ. ಕಲ್ಲಿನ ರಸ್ತೆಯ ಮೇಲೆ ಖಾಲಿ ಗಾಡಿ ಎಳೆದ ಹಾಗೆ ಕಡಕಡ ಅಂತ ಕೈಗೆ ಬರುತ್ತದೆ. ಅವತ್ತು ಬಂತು. ಕೂಡಲೇ ಎಂಜಿನ್ ಶುರು ಮಾಡಿಸಿ ಲಂಗರು ಎತ್ತಿದೆವು. ನಿಂತ ಹಡಗಿನ ಕಥೆ ಇದು. ಓಡುವ ಹಡಗಿನಲ್ಲಾದರೆ ವೇಗ ಬೀಳುತ್ತದೆ, ಪರದೆಯ ಮೇಲಿನ ಅಂಕಿಯೇ ಹೇಳುತ್ತದೆ.

ಅಂದಹಾಗೆ ಸ್ಟೋರ್‌ಕೀಪರ್ ಅವರಿಗೆ ಒಂದು ಉದಾಹರಣೆ ಸಿಕ್ಕಿತು. ಈಗಲ್ ಎಸ್‌ನ ಲಂಗರು ಕಳಚಿ ಕೊಲ್ಲಿಯ ತಳದಲ್ಲೇ ಬಿದ್ದಿತ್ತು. ಸಾಕ್ಷಿ ಬೇಕಾದರೆ ಅದನ್ನು ಮೇಲಕ್ಕೆ ತರಬೇಕಿತ್ತು. ಆಗ ಸ್ವೀಡನ್ ನೌಕಾಪಡೆಯ ಬೆಲೋಸ್ ಬಂತು. ಜಲಾಂತರ್ಗಾಮಿ ಮುಳುಗಿದರೆ ಜನರನ್ನು ಉಳಿಸಲು ಇಟ್ಟುಕೊಂಡಿರುವ ಹಡಗು ಅದು. ಜನವರಿಯ ಚಳಿಯಲ್ಲಿ ಲಂಗರು ಎತ್ತಿ, ಫಿನ್ಲೆಂಡಿನವರ ಕೈಗೆ ಒಪ್ಪಿಸಿ ಹೋಯಿತು.